ಪಾಸ್‌ಬುಕ್ಕಿನಲ್ಲಿ ಇಲ್ಲದ ಕೋಡು

ತುಕ್ಕಾನಟ್ಟಿ,
ತಾ. ಮೂಡಲಗಿ



ಇತ್ತ ಎಲ್ಲರೂ ಕ್ಷೇಮ. ನಿಮ್ಮವ್ವನ ಮೊಣಕಾಲು ಥಂಡಿಗೆ ತುಸು ಬಿಗಿದುಕೊಂಡಿದೆ, ಅಷ್ಟೇ. 2025ರ ನವೆಂಬರಿನಲ್ಲಿ ಕಬ್ಬಿನ ದರಕ್ಕಾಗಿ ಗುರ್ಲಾಪುರ ಕ್ರಾಸಿನಲ್ಲಿ ನಡೆದ ಹೋರಾಟದ ಮಾತು ಕಟ್ಟೆಯ ಮೇಲೆ ಇನ್ನೂ ಮುಗಿದಿಲ್ಲ. ಜರ್ಮನಿಯ ಆಸ್ಪತ್ರೆಯಲ್ಲಿ ನಿನಗೆ ಮೊದಲ ಪಗಾರ ಆಯಿತೆಂದು ಕೇಳಿದ್ದೇ ತಡ, ನಿಮ್ಮಪ್ಪ ಗೋಕಾಕಿಗೆ ಹೋಗಿ ಕರದಂಟು ತಂದು ಓಣಿಗೆಲ್ಲ ಹಂಚಿದ. ಮಗಳು ನರ್ಸಿಂಗ್ ಓದಲಿಕ್ಕೆ ಹೊರಟಾಗ ಮುಖ ಗಂಟು ಹಾಕಿಕೊಂಡಿದ್ದವನೂ ಅವನೇ. ಇರಲಿ.

‘ಕಾಕಾ, ರೊಕ್ಕ ಕಳಸ್ಬೇಕಂದ್ರ ಅದೇನೋ ಬಿಐಸಿ ಕೇಳಾಕತ್ತೈತಿ, ಅಪ್ಪನ ಪಾಸ್‌ಬುಕ್ಕಿನ್ಯಾಗ ಅದ ಇಲ್ಲ’ ಎಂದು ನೀನು ಹಾಕಿದ ಸಂದೇಶ ಓದಿದೆ. ಫೋನಿನಲ್ಲಿ ಹೇಳಿದರೆ ಅರ್ಧ ಕೇಳಿಸಿ ಅರ್ಧ ಬಿಟ್ಟುಹೋಗುತ್ತದೆ. ಹುಬ್ಬಳ್ಳಿಯಲ್ಲಿ ಬ್ಯಾಂಕಿನ ವಿದೇಶಿ ವಿನಿಮಯದ ಟೇಬಲ್ಲಿನ ಮುಂದೆ ಕುಂತು ತಲೆ ಬೆಳ್ಳಗೆ ಮಾಡಿಕೊಂಡವನು ನಾನು. ಈ ಒಂದು ವಿಷಯದಲ್ಲಾದರೂ ಉದ್ದ ಮಾತಾಡುವ ಹಕ್ಕು ನನಗಿದೆ ಎಂದುಕೊಂಡು ಬರೆಯುತ್ತಿದ್ದೇನೆ.

ನಿಮ್ಮಪ್ಪ ನಿನಗೆ ಕಳಿಸಿದ್ದು ಕಬ್ಬಿನ ಬಿಲ್ಲಿಗೆಂದು ಕಾರ್ಖಾನೆಗೆ ಕೊಟ್ಟಿದ್ದ ಝೆರಾಕ್ಸಿನ ಫೋಟೊ. ನಮ್ಮ ಊರವರಿಗೆ ಬ್ಯಾಂಕಿನ ಕೋಡು ಎಂದರೆ ಅದೊಂದೇ, ಐಎಫ್‌ಎಸ್‌ಸಿ. ಹನ್ನೊಂದು ಅಕ್ಷರ. ಮೊದಲ ನಾಲ್ಕು ಬ್ಯಾಂಕಿನ ಗುರುತು, ಐದನೆಯದು ಸೊನ್ನೆ, ಉಳಿದ ಆರು ಶಾಖೆಯದು. ರಿಸರ್ವ್ ಬ್ಯಾಂಕಿನ ವ್ಯವಸ್ಥೆಯಲ್ಲಿ ಎನ್‌ಇಎಫ್‌ಟಿ, ಆರ್‌ಟಿಜಿಎಸ್ ಎಲ್ಲ ಇದರ ಮೇಲೆಯೇ ನಡೆಯುತ್ತವೆ. ಆದರೆ ಇದು ದೇಶದೊಳಗಿನ ಚಲಾವಣೆ. ಅದರ ಕೆಳಗೆ ಒಂಬತ್ತು ಅಂಕಿಯ ಇನ್ನೊಂದು ಇದೆಯಲ್ಲ, ಎಂಐಸಿಆರ್, ಅದು ಚೆಕ್ಕಿನ ಕೆಲಸಕ್ಕೆ. ನಿನಗೆ ಎರಡೂ ಉಪಯೋಗವಿಲ್ಲ.

ನಿನ್ನ ಆ್ಯಪ್ ಕೇಳುತ್ತಿರುವುದು ಬಿಐಸಿ. ಮಂದಿ ಇದನ್ನೇ ಸ್ವಿಫ್ಟ್ ಕೋಡ್ ಎನ್ನುತ್ತಾರೆ. ಇದು ಎಂಟು ಅಕ್ಷರದ್ದಾಗಿರಬಹುದು, ಇಲ್ಲವೇ ಹನ್ನೊಂದರದ್ದು. ಹನ್ನೊಂದರದ್ದು ಇದ್ದಾಗ ಐಎಫ್‌ಎಸ್‌ಸಿಗೂ ಇದಕ್ಕೂ ಉದ್ದ ಒಂದೇ ಆಗುವುದರಿಂದ ಗೊಂದಲ. ನೀನು ಐಎಫ್‌ಎಸ್‌ಸಿ ತುಂಬಿದಾಗ ಆ್ಯಪ್ ಒಲ್ಲೆ ಎಂದದ್ದಕ್ಕೆ ಕಾರಣವಿದೆ. ಬಿಐಸಿಯಲ್ಲಿ ಐದು ಮತ್ತು ಆರನೆಯ ಜಾಗ ದೇಶದ ಹೆಸರಿಗೆ ಮೀಸಲು. ಭಾರತಕ್ಕೆ ಐ-ಎನ್, ನೀನಿರುವ ದೇಶಕ್ಕೆ ಡಿ-ಇ. ಆ ಜಾಗದಲ್ಲಿ ಸೊನ್ನೆ ಕಂಡರೆ ಅದಕ್ಕೆ ದೇಶವೇ ಸಿಗುವುದಿಲ್ಲ.

ಸ್ಟೇಟ್ ಬ್ಯಾಂಕಿನದನ್ನು ಬಿಡಿಸಿ ನೋಡು. ಎಸ್-ಬಿ-ಐ-ಎನ್, ಇದು ಬ್ಯಾಂಕು. ಐ-ಎನ್, ದೇಶ. ಬಿ-ಬಿ, ಸ್ಥಳದ ಗುರುತು. ಇಲ್ಲಿಗೆ ಎಂಟಾಯಿತು. ಮುಂದೆ ಮೂರು ಅಕ್ಷರ ಬಂದರೆ ಅದು ಶಾಖೆ. ಮೂರು ಎಕ್ಸ್ ಹಾಕಿದ್ದರೆ ಮುಖ್ಯ ಕಚೇರಿ ಎಂದು ತಿಳಿ. ಸ್ಥಳದ ಗುರುತು ನೋಡಿ ಊರು ಹುಡುಕಲು ಮಾತ್ರ ಹೋಗಬೇಡ. ಬೆಂಗಳೂರಿನ ಕೆನರಾ ಬ್ಯಾಂಕಿಗೂ ಬಿ-ಬಿ, ಮಂಗಳೂರಿನ ಕರ್ಣಾಟಕ ಬ್ಯಾಂಕಿಗೂ ಬಿ-ಬಿ. ಇನ್ನು ಮೂಡಲಗಿ, ಘಟಪ್ರಭಾದಂಥ ಊರಿನ ಶಾಖೆಗೆ ತನ್ನದೇ ಮೂರಕ್ಷರ ಸಾಮಾನ್ಯವಾಗಿ ಇರುವುದಿಲ್ಲ. ವಿದೇಶಿ ವ್ಯವಹಾರ ನೋಡುವ ದೊಡ್ಡ ಶಾಖೆಯ ಕೋಡಿಗೆ ರೊಕ್ಕ ಬಂದು, ಅಲ್ಲಿಂದ ಖಾತೆ ಸಂಖ್ಯೆಯ ಗುರುತಿನ ಮೇಲೆ ಊರಿಗೆ ಇಳಿಯುತ್ತದೆ.

‘ರೊಕ್ಕ ಬಂದು’ ಎಂದೆನಲ್ಲ, ಅದೂ ಬಾಯಿಮಾತು. ರೊಕ್ಕ ಎಲ್ಲಿಗೂ ಬರುವುದಿಲ್ಲ, ಬರುವುದು ಸಂದೇಶ. ಕಬ್ಬಿನ ಗಾಡಿ ಕಾಟಾದ ಮೇಲೆ ನಿಂತಾಗ ತೂಕದ ಚೀಟಿ ಮಾತ್ರ ನಿಮ್ಮಪ್ಪನ ಕೈಗೆ ಬರುತ್ತದೆಯಲ್ಲ, ಹಾಗೆ. ಚೀಟಿಯ ದಾರಿ ಬೇರೆ, ಬಿಲ್ಲಿನ ದಾರಿ ಬೇರೆ. ನೀನು ಕೊಟ್ಟ ಯೂರೊ ಯುರೋಪಿನಲ್ಲೇ ಉಳಿಯುತ್ತದೆ. ನಮ್ಮ ಬ್ಯಾಂಕುಗಳು ಅಲ್ಲಿಯ ಬ್ಯಾಂಕಿನಲ್ಲಿ ಯೂರೊ ಖಾತೆ ಇಟ್ಟಿರುತ್ತವೆ. ಅದಕ್ಕೆ ನೋಸ್ಟ್ರೊ ಖಾತೆ ಎನ್ನುತ್ತೇವೆ. ಸ್ಟೇಟ್ ಬ್ಯಾಂಕಿಗೆ ಫ್ರಾಂಕ್‌ಫರ್ಟಿನಲ್ಲಿ ತನ್ನದೇ ಶಾಖೆಯಿದೆ. ನಿನ್ನ ಯೂರೊ ಅಂಥ ಖಾತೆಗೆ ಜಮಾ ಆಗುತ್ತದೆ, ಇಲ್ಲಿ ಬ್ಯಾಂಕು ಆ ದಿನದ ದರದಲ್ಲಿ ತನ್ನ ರೂಪಾಯಿಯನ್ನು ತೆಗೆದು ಖಾತೆಗೆ ಹಾಕುತ್ತದೆ. ಎರಡರ ನಡುವೆ ಓಡಾಡುವುದು ಅಕ್ಷರ, ಅಂಕಿ ಅಷ್ಟೇ. ಆದ್ದರಿಂದ ಅಕ್ಷರ ತಪ್ಪಿದರೆ ರೊಕ್ಕ ತಪ್ಪಿದ ಹಾಗೆ.

ನಾನು ನೌಕರಿಗೆ ಸೇರಿದ ಕಾಲದಲ್ಲಿ ಇದೇ ಕೆಲಸಕ್ಕೆ ಟೆಲೆಕ್ಸ್ ಇತ್ತು. ಬ್ಯಾಡಗಿ ಮೆಣಸಿನಕಾಯಿ ರಫ್ತು ಮಾಡುವವರ ಬಿಲ್ಲಿಗೆ ಹೊರದೇಶದಿಂದ ತಂತಿ ಬಂದರೆ, ಅದು ನಿಜವಾಗಿ ಆ ಬ್ಯಾಂಕಿನದೇ ಎಂದು ನಂಬುವುದು ಹೇಗೆ? ಎರಡೂ ಬ್ಯಾಂಕುಗಳ ಬಳಿ ಬೀರುವಿನಲ್ಲಿ ಬೀಗ ಹಾಕಿಟ್ಟ ಗುಪ್ತ ಅಂಕಿಗಳ ಪುಸ್ತಕವಿರುತ್ತಿತ್ತು. ತಾರೀಖಿಗೆ ಒಂದು ಅಂಕಿ, ಮೊತ್ತಕ್ಕೊಂದು, ನಾಣ್ಯಕ್ಕೊಂದು. ಎಲ್ಲ ಕೂಡಿಸಿ ಬಂದ ಸಂಖ್ಯೆ ತಂತಿಯಲ್ಲಿದ್ದ ಸಂಖ್ಯೆಗೆ ಹೊಂದಬೇಕು. ಹೊಂದದಿದ್ದರೆ ಮತ್ತೆ ತಂತಿ, ಮತ್ತೆ ಕಾಯುವುದು. ಆ ಪುಸ್ತಕ ಕಾಯುವ ಅಧಿಕಾರಿ ರಜೆ ಹಾಕಿದರೆ ಇಡೀ ವಿಭಾಗಕ್ಕೆ ಕೈ ಕಟ್ಟಿದಂತಾಗುತ್ತಿತ್ತು.

ಈ ತಾಪತ್ರಯ ಜಗತ್ತಿಗೆಲ್ಲ ಇದ್ದದ್ದೇ. ಅದಕ್ಕಾಗಿ 1973ರಲ್ಲಿ 15 ದೇಶಗಳ 239 ಬ್ಯಾಂಕುಗಳು ಬೆಲ್ಜಿಯಂನಲ್ಲಿ ಸೇರಿ ಸ್ವಿಫ್ಟ್ ಕಟ್ಟಿಕೊಂಡವು. 1977ರಿಂದ ಸಂದೇಶ ಶುರು. ಈಗ 200ಕ್ಕೂ ಹೆಚ್ಚು ದೇಶ, ಪ್ರಾಂತ್ಯಗಳ 11,000ಕ್ಕೂ ಹೆಚ್ಚು ಸಂಸ್ಥೆಗಳು ಅದರಲ್ಲಿವೆ. ಇಷ್ಟು ದೊಡ್ಡದು ಯಾವುದೋ ಸಾಹುಕಾರನ ಕಂಪನಿ ಇರಬೇಕು ಎಂದುಕೊಂಡೆಯಾ? ಅಲ್ಲ, ಅದೊಂದು ಸಹಕಾರಿ ಸಂಘ. ಸದಸ್ಯ ಬ್ಯಾಂಕುಗಳೇ ಮಾಲೀಕರು. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಕೂಡಿಸಿ ಸಹಕಾರಿ ಸಂಘ ಕಟ್ಟಿದ ನಾಡಿನ ಕಡೆಯವರು ನಾವು. ಸ್ವಿಫ್ಟ್ ಸಹಕಾರಿ ಎಂದು ಮೊದಲ ಸಲ ಓದಿದಾಗ ನನಗೆ ವಿನಾಕಾರಣ ಹೆಮ್ಮೆಯಾಗಿತ್ತು. ಆದರೆ ಒಂದು ನೆನಪಿಡು. ಈ ಸಂಘ ಯಾರ ರೊಕ್ಕವನ್ನೂ ಇಟ್ಟುಕೊಳ್ಳುವುದಿಲ್ಲ, ಯಾರ ಖಾತೆಯನ್ನೂ ತೆರೆಯುವುದಿಲ್ಲ. ‘ಸ್ವಿಫ್ಟ್ ಆಫೀಸಿನಿಂದ ಮಾತಾಡುತ್ತಿದ್ದೇವೆ, ನಿಮ್ಮ ರೊಕ್ಕ ಬಿಡಿಸಲು ಶುಲ್ಕ ಕಟ್ಟಿ’ ಎಂದು ಫೋನು ಬಂದರೆ ಅವನು ಕಳ್ಳ. ಎರಡನೇ ಯೋಚನೆ ಬೇಡ.

ಈಗ ನಿಮ್ಮಪ್ಪನ ಪಾಸ್‌ಬುಕ್ಕಿಗೆ ಬರುತ್ತೇನೆ. ಅದು ಗ್ರಾಮೀಣ ಬ್ಯಾಂಕಿನದು. ಅವನು ಇವತ್ತಿಗೂ ‘ಮಲಪ್ರಭಾ ಬ್ಯಾಂಕ್’ ಎಂದೇ ಕರೆಯುತ್ತಾನೆ. ಆ ಹೆಸರು ಹೋಗಿ ಎಷ್ಟೋ ಕಾಲವಾಯಿತು. 2005ರಲ್ಲಿ ಮಲಪ್ರಭಾ, ಬಿಜಾಪುರ, ವರದಾ, ನೇತ್ರಾವತಿ ಎಂಬ ನಾಲ್ಕು ಗ್ರಾಮೀಣ ಬ್ಯಾಂಕುಗಳು ಕೂಡಿ ಧಾರವಾಡದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ ಆಯಿತು. 2025ರ ಮೇ 1ರಿಂದ ಅದೂ ಹೋಗಿ, ರಾಜ್ಯಕ್ಕೆಲ್ಲ ಒಂದೇ ಎಂದು, ಬಳ್ಳಾರಿಯಲ್ಲಿ ಮುಖ್ಯ ಕಚೇರಿಯಿರುವ ಕರ್ನಾಟಕ ಗ್ರಾಮೀಣ ಬ್ಯಾಂಕ್ ಬಂತು. ವಿಕಾಸ ಬ್ಯಾಂಕಿನ ಬೆನ್ನಿಗಿದ್ದ ಪ್ರಾಯೋಜಕ ಬ್ಯಾಂಕೂ ಬದಲಾಗಿತ್ತು. ಮೊದಲು ಸಿಂಡಿಕೇಟ್, ಆಮೇಲೆ ಕೆನರಾ.

ಸಿಂಡಿಕೇಟಿನ ಕಥೆ ನಿನಗೆ ಹೇಳಲೇಬೇಕು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಬ್ಯಾಂಕು, ದಿನದಿನದ ಚಿಲ್ಲರೆಯನ್ನೇ ಕೂಡಿಸಿ ಪಿಗ್ಮಿ ಠೇವಣಿ ಮಾಡಿದ ಬ್ಯಾಂಕು. 2020ರ ಏಪ್ರಿಲ್ 1ರಂದು ಕೆನರಾದಲ್ಲಿ ವಿಲೀನವಾಯಿತು. ಬೋರ್ಡು ಬದಲಾದರೂ ಹಳೆಯ ಕೋಡುಗಳು ಕೆಲಕಾಲ ನಡೆದವು. 2021ರ ಜುಲೈ 1ರಿಂದ ಸಿಂಡಿಕೇಟಿನ ಐಎಫ್‌ಎಸ್‌ಸಿಗಳೆಲ್ಲ ನಿಂತವು. ಎಸ್-ವೈ-ಎನ್-ಬಿ ಎಂದು ಶುರುವಾಗುತ್ತಿದ್ದ ಅದರ ಸ್ವಿಫ್ಟ್ ಕೋಡು ಕೂಡ ಅದೇ ದಿನ ನಿಂತಿತು, ಬದಲಿಗೆ ಕೆನರಾದ ಸಿ-ಎನ್-ಆರ್-ಬಿ-ಐ-ಎನ್-ಬಿ-ಬಿ ಮುಂದೆ ಬಿ-ಎಫ್-ಡಿ ಹಾಕಿ ಕಳಿಸಬೇಕೆಂದು ಬ್ಯಾಂಕು ತಿಳಿಸಿತು. ದೇಶದೊಳಗಿನವರಿಗೆ ಹೊಸ ಪಾಸ್‌ಬುಕ್ ಸಿಕ್ಕಿತು, ಎಸ್‌ಎಂಎಸ್ ಬಂತು. ದುಬೈಯಲ್ಲೋ ಮಸ್ಕತ್ತಿನಲ್ಲೋ ಕುಂತು ಫೋನಿನಲ್ಲಿ ಹಳೆಯ ವಿವರ ಉಳಿಸಿಟ್ಟುಕೊಂಡು ತಿಂಗಳಿಗೊಮ್ಮೆ ಗುಂಡಿ ಒತ್ತುವವನ ಫೋನು ಮಾತ್ರ ತಾನಾಗಿ ಬದಲಾಗುವುದಿಲ್ಲ. ವಿಜಯಾ ಬ್ಯಾಂಕ್, ಕಾರ್ಪೊರೇಷನ್ ಬ್ಯಾಂಕ್, ಮೈಸೂರು ಬ್ಯಾಂಕ್, ಒಂದೊಂದಾಗಿ ಕರ್ನಾಟಕದ ಬ್ಯಾಂಕುಗಳ ಹೆಸರು ಹೀಗೆ ಅಳಿದವು. ಅವಕ್ಕೆ ಸಂಬಂಧಿಸಿದ ಹಳೆಯ ಕೋಡುಗಳು ಇಂಟರ್‌ನೆಟ್ಟಿನ ಯಾವ್ಯಾವುದೋ ಪಟ್ಟಿಯಲ್ಲಿ ಇನ್ನೂ ಕುಂತಿರುತ್ತವೆ. ಅದಕ್ಕೇ ಹೇಳುವುದು, ಕೋಡನ್ನು ಗೂಗಲ್ಲಿನಿಂದ ಹೆಕ್ಕಬೇಡ. ಬ್ಯಾಂಕಿನ ಸ್ವಂತ ಜಾಲತಾಣ ನೋಡು, ಇಲ್ಲವೇ ಶಾಖೆಯಿಂದ ಬರಹದಲ್ಲಿ ತರಿಸು.

ಹೀಗೆ ಹೆಸರು, ಕೋಡು ಬದಲಾಗುತ್ತಲೇ ಬಂದಿರುವುದರಿಂದ ನಿಮ್ಮಪ್ಪನ ಖಾತೆಗೆ ಜರ್ಮನಿಯಿಂದ ನೇರವಾಗಿ ಹಾಕುವುದು ಬೇಡವೇ ಬೇಡ. ಸೊಸೈಟಿಯ ಖಾತೆಗಂತೂ ಕೇಳಲೇಬೇಡ, ಊರಿನ ಪತ್ತಿನ ಸಂಘಕ್ಕೆ ಸ್ವಿಫ್ಟ್ ಕೋಡ್ ಇರುವುದಿಲ್ಲ. ನನ್ನ ಮಾತು ಒಂದೇ. ಗಡಿ ದಾಟುವ ರೊಕ್ಕ ನಿನ್ನ ಹೆಸರಿನ ಖಾತೆಗೇ ಬರಲಿ. ಅಲ್ಲಿಂದ ಅಪ್ಪನಿಗೆ ಎಷ್ಟು, ತಮ್ಮನ ಫೀಗೆ ಎಷ್ಟು ಎಂದು ಐಎಫ್‌ಎಸ್‌ಸಿ ಹಾಕಿ ನೀನೇ ಕಳಿಸು. ಹೊರದೇಶದಲ್ಲಿರುವವರ ಅಂಥ ಖಾತೆಗೆ ಎನ್‌ಆರ್‌ಇ ಖಾತೆ ಎಂದು ಹೆಸರು. ಅದಕ್ಕೆ ಬರುವ ಬಡ್ಡಿಗೆ ಇಲ್ಲಿ ಆದಾಯ ತೆರಿಗೆ ಇಲ್ಲ. ಬೇಕೆಂದಾಗ ಅಸಲು, ಬಡ್ಡಿ ಎರಡನ್ನೂ ಮತ್ತೆ ಹೊರಗೆ ಒಯ್ಯಬಹುದು. ಓದುವಾಗ ಗೋಕಾಕಿನಲ್ಲಿ ತೆಗೆದ ಉಳಿತಾಯ ಖಾತೆ ಇದೆಯಲ್ಲ, ಅದು ಹಾಗೆಯೇ ಉಳಿಯುವಂತಿಲ್ಲ. ಹೊರದೇಶದಲ್ಲಿ ದುಡಿಯುವವಳು ಅದನ್ನು ಎನ್‌ಆರ್‌ಒ ಮಾಡಿಸಬೇಕು. ಊರಿನ ಬಾಡಿಗೆ, ಲಾವಣಿಯ ರೊಕ್ಕ ಏನಾದರೂ ಬಂದರೆ ಅದರಲ್ಲಿ ಜಮಾ ಆಗಲಿ.

ನಿಮ್ಮಪ್ಪನಿಗೆ ಇದು ಒಂದಿಷ್ಟು ಚುಚ್ಚಬಹುದು. ‘ನನ್ನ ಖಾತೆ ಏನು ಕೆಟ್ಟೈತಿ?’ ಎಂದಾನು. ಕೆಟ್ಟಿಲ್ಲ. ಆದರೆ ಈ ಸೀಮೆಯಲ್ಲಿ ಹೆಣ್ಣುಮಕ್ಕಳು ದುಡಿದದ್ದು ಯಾರ ಪಾಸ್‌ಬುಕ್ಕಿನಲ್ಲಿ ಕುಂತಿರುತ್ತದೆ ಎಂದು ನಾನು ಕೌಂಟರಿನ ಒಳಗಿನಿಂದ ನೋಡಿದವನು. ಅಪ್ಪನ ಹೆಸರು, ಅಣ್ಣನ ಹೆಸರು, ಲಗ್ನವಾದ ಮೇಲೆ ಗಂಡನ ಹೆಸರು. ಆಕೆಯ ಸಹಿಗೆ ಕೆಲಸವೇ ಇರುವುದಿಲ್ಲ. ರಾತ್ರಿಪಾಳಿ ಮಾಡಿ ಗಳಿಸಿದ್ದರ ಮೇಲೆ ನಿನ್ನ ಹೆಸರಿರಲಿ, ಕೊಡುವುದಿದ್ದರೆ ನೀನೇ ಕೊಡು. ಬೇಕಾದರೆ ನಿಮ್ಮಪ್ಪನನ್ನು ಆ ಖಾತೆಗೆ ಜೊತೆಗಾರನಾಗಿ ಸೇರಿಸಲು ಬರುತ್ತದೆ. ‘ಫಾರ್ಮರ್ ಆರ್ ಸರ್ವೈವರ್’ ಎಂಬ ಷರತ್ತಿನ ಮೇಲೆ, ಅಂದರೆ ನೀನಿರುವತನಕ ವ್ಯವಹಾರ ನಿನ್ನದೇ. ಅವನ ಜತೆ ಈ ಮಾತು ನಾನೇ ಆಡುತ್ತೇನೆ, ನೀನು ಬಾಯಿ ಬಿಡಬೇಡ.

ಹೆಸರಿನ ವಿಷಯ ಬಂತು, ಅದರಲ್ಲೇ ಇನ್ನೊಂದು. ನಿನ್ನ ಅಡ್ಡಹೆಸರು ಪಾಸ್‌ಪೋರ್ಟಿನಲ್ಲಿ ‘ಐ’ಯಿಂದ ಮುಗಿಯುತ್ತದೆ, ಹಳೆಯ ಬ್ಯಾಂಕಿನಲ್ಲಿ ಎರಡು ‘ಇ’ಯಿಂದ. ಹೊಸ ಖಾತೆ ಪಾಸ್‌ಪೋರ್ಟಿನ ಪ್ರಕಾರವೇ ಆಗಲಿ. ಹೆಸರಿನಷ್ಟೇ ಖಾತೆಯ ಸಂಖ್ಯೆಯೂ ಮುಖ್ಯ. ಜರ್ಮನಿಯೊಳಗೆ ಐಬಾನ್ ಎಂಬ 22 ಅಕ್ಷರದ ಸಂಖ್ಯೆ ಸಾಕು. ಅದರಲ್ಲಿ ದೇಶದ ಹೆಸರಿನ ಮುಂದಿನ ಎರಡು ಅಂಕಿ ತಪ್ಪು ಹಿಡಿಯಲಿಕ್ಕೇ ಇವೆ, ಒಂದು ಅಂಕಿ ಆಚೀಚೆಯಾದರೆ ಕಂಪ್ಯೂಟರು ಅಲ್ಲೇ ತಡೆಯುತ್ತದೆ. ನಮ್ಮ ದೇಶದಲ್ಲಿ ಐಬಾನ್ ಇಲ್ಲ. ಖಾತೆ ಸಂಖ್ಯೆ ಸ್ಟೇಟ್ ಬ್ಯಾಂಕಿನದು 11 ಅಂಕಿ, ಐಸಿಐಸಿಐದು 12, ಎಚ್‌ಡಿಎಫ್‌ಸಿಯದು 14. ಹೀಗೆ ಒಬ್ಬೊಬ್ಬರದು ಒಂದೊಂದು ಉದ್ದ ಇದ್ದಾಗ, ಆ ಕಡೆಯ ಆ್ಯಪ್‌ಗೆ ನಿನ್ನ ತಪ್ಪು ಗೊತ್ತಾಗುವುದಿಲ್ಲ. ಬಿಐಸಿ ಸರಿಯಿದ್ದರೆ ಸಂದೇಶ ಬ್ಯಾಂಕಿನ ಬಾಗಿಲತನಕ ಬರುತ್ತದೆ. ಒಳಗೆ ಯಾರ ಖಾತೆ ಎಂಬುದು ನೀನು ಬರೆದ ಸಂಖ್ಯೆ ಮತ್ತು ಹೆಸರಿನ ಮೇಲೆ ನಿಂತಿದೆ.

ಕೋಡು ಸರಿಯಿದ್ದ ಮಾತ್ರಕ್ಕೆ ರೊಕ್ಕ ಸರಿಯಾದವರಿಗೇ ಹೋಯಿತು ಎನ್ನಲಾಗದು ಎಂಬುದಕ್ಕೆ 2016ರ ಫೆಬ್ರುವರಿಯ ಕಳ್ಳತನ ಸಾಕ್ಷಿ. ಢಾಕಾದಲ್ಲಿ ಬಾಂಗ್ಲಾದೇಶ ಬ್ಯಾಂಕಿನ ಕಂಪ್ಯೂಟರಿಗೆ ನುಗ್ಗಿದ ಕಳ್ಳರು, ನ್ಯೂಯಾರ್ಕಿನ ಫೆಡರಲ್ ರಿಸರ್ವ್‌ನಲ್ಲಿದ್ದ ಆ ಬ್ಯಾಂಕಿನ ಖಾತೆಯಿಂದ ಸುಮಾರು 95 ಕೋಟಿ ಡಾಲರ್ ಕಳಿಸುವಂತೆ 35 ಸ್ವಿಫ್ಟ್ ಸಂದೇಶ ಹೊಡೆದರು. ಮರುದಿನ ಶುಕ್ರವಾರ, ಅಲ್ಲಿ ವಾರದ ರಜೆ. 8.1 ಕೋಟಿ ಡಾಲರ್ ಫಿಲಿಪ್ಪೀನ್ಸಿಗೆ ಹೋಗಿ ಜೂಜಿನ ಮನೆಗಳಲ್ಲಿ ಕರಗಿತು. ಶ್ರೀಲಂಕಾದ ಒಂದು ಸಂಸ್ಥೆಯ ಹೆಸರಿಗೆ ಹೊರಟಿದ್ದ 2 ಕೋಟಿ ಡಾಲರ್ ಕಳ್ಳರ ಕೈಗೆ ಸಿಗದೆ ಉಳಿಯಿತು. ಹೇಗೆ ಗೊತ್ತೇ? ‘ಫೌಂಡೇಶನ್’ ಎಂಬ ಪದವನ್ನು ಕಳ್ಳರು ‘ಫ್ಯಾಂಡೇಶನ್’ ಎಂದು ಬರೆದಿದ್ದರು. ನಡುವಿನ ಬ್ಯಾಂಕಿನಲ್ಲಿ ಯಾರೋ ಓದಿ, ಇದೇನು ಎಂದು ತಿರುಗಿ ಕೇಳಿದರು. ಆ ಗುಮಾಸ್ತನಿಗೆ ನಾನು ಮನಸ್ಸಿನಲ್ಲೇ ಕೈ ಮುಗಿದಿದ್ದೇನೆ. ಇನ್ನು 2018ರಲ್ಲಿ ಹೊರಬಂದ ಮುಂಬೈಯ ಪಂಜಾಬ್ ನ್ಯಾಷನಲ್ ಬ್ಯಾಂಕಿನ ಹಗರಣದಲ್ಲಿ ಸಂದೇಶಗಳು ಸ್ವಿಫ್ಟ್‌ನಲ್ಲಿ ಹೋಗಿದ್ದವು, ಬ್ಯಾಂಕಿನ ಲೆಕ್ಕದ ವ್ಯವಸ್ಥೆಗೆ ಏರಿರಲಿಲ್ಲ. ಆಮೇಲೆಯೇ ಎರಡನ್ನೂ ಬೆಸೆಯಲೇಬೇಕೆಂದು ರಿಸರ್ವ್ ಬ್ಯಾಂಕು ಗಡುವು ಹಾಕಿದ್ದು. ಹಾಗಾಗಿ ಬ್ಯಾಂಕಿನವರು ಯಾಕೆ, ಎಲ್ಲಿಂದ, ಯಾರಿಗೆ ಎಂದು ನಾಲ್ಕು ಪ್ರಶ್ನೆ ಹೆಚ್ಚು ಕೇಳಿದರೆ ಸಿಟ್ಟಾಗಬೇಡ.

ಯಾಕೆ ಎಂಬ ಪ್ರಶ್ನೆಗೂ ಒಂದು ಕೋಡಿದೆ. ಮನೆಯ ಖರ್ಚಿಗೆ, ಉಳಿತಾಯಕ್ಕೆ ಕಳಿಸುವುದಕ್ಕೆ ಪಿ-1301. ಕೇಳಿದರೆ ಅದನ್ನು ಹೇಳು. ಶುಲ್ಕ ಯಾರದು ಎಂದೂ ಕೇಳುತ್ತಾರೆ. ಎಲ್ಲ ನೀನೇ ಹೊರುವುದು, ಇಬ್ಬರೂ ಹಂಚಿಕೊಳ್ಳುವುದು, ಪಡೆಯುವವರೇ ಹೊರುವುದು, ಹೀಗೆ ಮೂರು ಬಗೆ. ಹಂಚಿಕೊಂಡರೆ ನಡುವಿನ ಬ್ಯಾಂಕು ದಾರಿಯಲ್ಲೇ ಒಂದಿಷ್ಟು ಮುರಿದುಕೊಳ್ಳಬಹುದು, ಮೊತ್ತ ಕಡಿಮೆ ಬಂತೆಂದು ಗಾಬರಿಯಾಗಬೇಡ. ಶುಲ್ಕಕ್ಕಿಂತ ದೊಡ್ಡ ಪೆಟ್ಟು ವಿನಿಮಯ ದರದಲ್ಲಿರುತ್ತದೆ. ‘ಶುಲ್ಕ ಸೊನ್ನೆ’ ಎನ್ನುವವನ ದರವನ್ನು ಎರಡು ಸಲ ನೋಡು. ಮೊದಲ ಸಲ ಸಣ್ಣ ಮೊತ್ತ ಕಳಿಸಿ, ಮುಟ್ಟಿದ ಮೇಲೆ ದೊಡ್ಡದು. ಬರಲು ತಡವಾದರೆ ನಿನ್ನ ಬ್ಯಾಂಕಿನಿಂದ ಯುಇಟಿಆರ್ ಎಂಬ 36 ಅಕ್ಷರದ ಸಂಖ್ಯೆ ಕೇಳು. ಸಂದೇಶ ಯಾವ ಬ್ಯಾಂಕಿನಲ್ಲಿ ನಿಂತಿದೆ ಎಂದು ಅದರಿಂದ ಗೊತ್ತಾಗುತ್ತದೆ. ಇಲ್ಲಿಯ ಹಳಬರು ‘ಎಂಟಿ-103 ಪ್ರತಿ ತರಿಸ್ರಿ’ ಎನ್ನಬಹುದು. ಸ್ವಿಫ್ಟ್ ಸಂದೇಶದ ಆ ನಮೂನೆ 2025ರ ನವೆಂಬರಿನಲ್ಲಿ ನಿವೃತ್ತವಾಗಿ ಹೊಸದು ಬಂದಿದೆ. ನನ್ನಂಥವರ ಬಾಯಿಗೆ ಅದಿನ್ನೂ ಹತ್ತಿಲ್ಲ.

‘ಅಲ್ಲೇ ನಮ್ಮ ಕಡೆಯ ಹುಡುಗನ ಕೈಗೆ ಯೂರೊ ಕೊಡು, ಇಲ್ಲಿ ಸಂಜೆಯೊಳಗೆ ಮನೆಗೆ ರೂಪಾಯಿ ಮುಟ್ಟಿಸ್ತೇವಿ, ದರಾನೂ ಚಲೋ’ ಎಂದು ಯಾರಾದರೂ ಬಂದಾರು. ಅದು ಹವಾಲಾ. ಫೆಮಾ ಕಾಯ್ದೆಯಡಿ ಮೊತ್ತದ ಮೂರು ಪಟ್ಟಿನತನಕ ದಂಡ ಬೀಳಬಹುದು. ದಂಡಕ್ಕಿಂತ ಹೆಚ್ಚಿನದು, ಕೊಟ್ಟದ್ದಕ್ಕೆ ದಾಖಲೆಯೇ ಇರುವುದಿಲ್ಲ. ನಾಳೆ ನೀನು ಇಲ್ಲಿ ಎರಡು ಗುಂಟೆ ಜಾಗ ತಗೊಂಡರೆ ರೊಕ್ಕ ಎಲ್ಲಿಯದು ಎಂದು ತೋರಿಸಲು ಬ್ಯಾಂಕಿನ ಕಾಗದವೇ ಬೇಕು.

ಜಾತ್ರೆಯ ಕಮಿಟಿಯವರು ಈಗಾಗಲೇ ನಿನ್ನ ನಂಬರು ಕೇಳಿದ್ದಾರೆ. ಕೊಡುವುದು ಬಿಡುವುದು ನಿನಗೆ ಸೇರಿದ್ದು. ಭಾರತದ ಪಾಸ್‌ಪೋರ್ಟು ನಿನ್ನ ಕೈಯಲ್ಲಿರುವವರೆಗೆ, ನಿನ್ನ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಟ್ಟದ್ದು ವಿದೇಶಿ ದೇಣಿಗೆಯಲ್ಲ. ಮುಂದೆಂದಾದರೂ ಜರ್ಮನಿಯ ಪ್ರಜೆಯಾದರೆ ಅದೇ ರೊಕ್ಕ ವಿದೇಶಿ ದೇಣಿಗೆಯಾಗುತ್ತದೆ. ಆಗ ಪಡೆಯುವ ಸಂಸ್ಥೆಗೆ ಕೇಂದ್ರ ಗೃಹ ಇಲಾಖೆಯ ಎಫ್‌ಸಿಆರ್‌ಎ ನೋಂದಣಿಯೋ ಅನುಮತಿಯೋ ಇರಬೇಕು, ರೊಕ್ಕವೂ ಸ್ಟೇಟ್ ಬ್ಯಾಂಕಿನ ದೆಹಲಿ ಮುಖ್ಯ ಶಾಖೆಗೇ ಬರಬೇಕು. ಆ ಶಾಖೆಯ ಸ್ವಿಫ್ಟ್ ಕೋಡಿನ ಕೊನೆಗೆ 104 ಇರುತ್ತದೆ. ಊರ ಗುಡಿಯ ಕಮಿಟಿಗೆ ಅಷ್ಟೆಲ್ಲ ಆಗುವ ಮಾತಲ್ಲ.

ಕೊನೆಗೆ ನನ್ನ ಕಣ್ಣಿನ ಆಪರೇಷನ್ನಿಗೆ ಕಳಿಸುತ್ತೇನೆ ಎಂದಿದ್ದೀಯ. ಬೇಡ. ಪೆನ್ಷನ್ ಸಾಕಾಗುತ್ತದೆ. ಅಲ್ಲದೆ ಕಾಯ್ದೆಯಲ್ಲಿ ಒಂದು ಮೋಜಿದೆ. ಮಗಳು ಅಪ್ಪನಿಗೆ ಎಷ್ಟು ಕೊಟ್ಟರೂ ಅವನಿಗೆ ತೆರಿಗೆಯಿಲ್ಲ. ಕಾಕಾ ನಿನಗೆ ಎಷ್ಟು ಕೊಟ್ಟರೂ ನಿನಗೆ ತೆರಿಗೆಯಿಲ್ಲ, ಯಾಕೆಂದರೆ ತಂದೆಯ ಅಣ್ಣತಮ್ಮಂದಿರು ‘ಸಂಬಂಧಿಕರ’ ಪಟ್ಟಿಯಲ್ಲಿದ್ದಾರೆ. ಆದರೆ ಕಾಕಾನ ಪಟ್ಟಿಯಲ್ಲಿ ಅಣ್ಣನ ಮಗಳಿಲ್ಲ! ನೀನು ನನಗೆ ವರ್ಷಕ್ಕೆ 50,000 ರೂಪಾಯಿ ದಾಟಿ ಕೊಟ್ಟರೆ ಅಷ್ಟೂ ನನ್ನ ಆದಾಯವಾಗುತ್ತದೆ. ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಗೋಕಾಕ ಫಾಲ್ಸ್ ತೋರಿಸಿದ್ದು ಆದಾಯ ತೆರಿಗೆಯವರಿಗೆ ಲೆಕ್ಕಕ್ಕಿಲ್ಲ.

ಎನ್‌ಆರ್‌ಇ ಖಾತೆಗೆ ಪಾಸ್‌ಪೋರ್ಟು, ವೀಸಾ, ಅಲ್ಲಿಯ ವಿಳಾಸದ ಕಾಗದ ಕೇಳುತ್ತಾರೆ. ಖಾತೆಯಾದ ಮೇಲೆ ಅವರು ಕೊಟ್ಟ ವಿವರದ ಫೋಟೊ ನನಗೊಂದು ಕಳಿಸು, ಗುಂಡಿ ಒತ್ತುವ ಮೊದಲು ಕೋಡನ್ನು ನಾನೂ ಒಮ್ಮೆ ಓದಿ ನೋಡುತ್ತೇನೆ. ಊಟ ಬಿಡಬೇಡ. ಚಟ್ನಿಪುಡಿ, ಕರದಂಟು ಕಟ್ಟಿಟ್ಟಿದೆ, ಬರುವವರು ಯಾರಾದರೂ ಇದ್ದರೆ ತಿಳಿಸು.

ಇಂತಿ ನಿನ್ನ
ಕಾಕಾ